ಹದ್ದಿನ ಎಡಗಣ್ಣು

ಗೋಡೆಗೆ ಯಾರೋ ನೀಲಿ ಬಳಿದಿದ್ದಾರೆ ಎಂಬ ಆಪಾದನೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಸಾಮ್ರಾಜ್ಯಗಳು ಇದಕ್ಕಿಂತ ಸಣ್ಣ ಕಾರಣಕ್ಕೆ ಉರುಳಿವೆ. ಸಂಸಾರಗಳ ಮಾತಂತೂ ಬೇಡ. ಹಳೆಯ ಒಡವೆಗಳ ಅಂಗಡಿಯ ಯಜಮಾನರು ಬುಧವಾರ ಬೆಳಿಗ್ಗೆ ಒಳಕೋಣೆಯ ಬಾಗಿಲು ತೆರೆದು, ಕಪ್ಪು ಕನ್ನಡಕ ತೆಗೆದು, ಒಂದು ಹೆಜ್ಜೆ ಒಳಗಿಟ್ಟು, ಇಟ್ಟ ಹೆಜ್ಜೆಯನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಇಡೀ ಅಂಗಡಿಗೆ ಕೇಳುವಂತೆ ಕೇಳಿದರು:

"ನಾನು ಆಸ್ಪತ್ರೇಲಿ ಬಿದ್ದಿದ್ದಾಗ ಈ ಗೋಡೆಗೆ ನೀಲಿ ಹೊಡೆಸಿದ್ದು ಯಾರು?"

ಆ ಗೋಡೆಯ ಮಹತ್ವ ಗೊತ್ತಿದ್ದವರಿಗೆ ಈ ಪ್ರಶ್ನೆಯ ಗಾಂಭೀರ್ಯ ಗೊತ್ತಾಗುತ್ತದೆ. ಅದು ಕೆಂಪು ಕಲ್ಲು ಆರಿಸುವ ಕೋಣೆ. ಗೋಡೆಗೆ ತೊಳೆದ ಬೂದಿಯ ಬಣ್ಣ, ಅಂದರೆ ಬಣ್ಣವೇ ಅಲ್ಲದ ಬಣ್ಣ. ಕಿಟಕಿ ಉತ್ತರಕ್ಕೆ, ಬಿಸಿಲು ನೇರ ಬೀಳದ ಹಾಗೆ. ಮೇಜಿನ ಮೇಲೆ ಬಿಳಿ ಕಾಗದ, ಕಿಟಕಿಯ ಹಲಗೆಯ ಮೇಲೆ ಒಂದು ಹಸಿರು ಗಿಡ. ಕೆಂಪನ್ನು ನೋಡಿ ನೋಡಿ ದಣಿದ ಕಣ್ಣಿಗೆ ಅದೇ ವಿಶ್ರಾಂತಿ. ಕೆಂಪು ಬಟ್ಟೆ ತೊಟ್ಟವರಿಗೆ ಒಳಗೆ ಪ್ರವೇಶವಿಲ್ಲ. ಬಟ್ಟೆಯ ನೆರಳು ಕಲ್ಲಿಗೆ ಹೊಡೆಯುತ್ತದೆ. ಮಗಳು ಒಮ್ಮೆ ಹೊಸ ಮರೂನ್ ಸ್ವೆಟರ್ ತೊಟ್ಟು ಟೀ ತಂದಿದ್ದಕ್ಕೆ ಟೀ ಒಳಗೆ ಬಂದಿತ್ತು, ಮಗಳು ಹೊರಗೇ ಉಳಿದಿದ್ದಳು.

"ಯಾರೂ ಹೊಡೆಸಿಲ್ಲ ಅಪ್ಪ," ಎಂದಳು ಮಗಳು. ಅಂಗಡಿಯ ಮುಂಭಾಗ, ಗಿರಾಕಿಗಳು, ಟೆಲಿಫೋನು, ಅಪ್ಪನ ಕೋಪ, ಎಲ್ಲದರ ಉಸ್ತುವಾರಿ ಅವಳದೇ.

ಪಕ್ಕದ ಬೆಂಚಿನಲ್ಲಿ ಅರ ತಿಕ್ಕುತ್ತಿದ್ದ ಅಕ್ಕಸಾಲಿ ತಲೆಯೆತ್ತದೆ, "ಹೊಡೆಸೋದೇ ಆದ್ರೆ ನನ್ನ ಬೆಂಚಿನ ಹಿಂದಿನ ಗೋಡೆಗೆ ಮೊದಲು ಹೊಡೆಸಿ ಯಜಮಾನ್ರೇ. ಕೇಳಿ ಕೇಳಿ ನನ್ನ ಗಡ್ಡ ಬೆಳ್ಳಗಾಯ್ತು," ಎಂದ.

"ಹಾಗಾದ್ರೆ ಇದು ಏನು?"

"ಗೋಡೆ."

"ಯಾವ ಬಣ್ಣ?"

"ಯಾವಾಗಲೂ ಇದ್ದ ಬಣ್ಣ, ಅಪ್ಪ."

ಯಜಮಾನರು ಅಂಗೈಯಿಂದ ಎಡಗಣ್ಣು ಮುಚ್ಚಿದರು. ಗೋಡೆ ಕೂಡಲೇ ಮರ್ಯಾದೆಗೆ ಬಂತು. ಹಳೆಯ, ಮೆತ್ತನೆಯ, ಪರಿಚಯದ ಬೂದಿ. ಬಲಗಣ್ಣು ಮುಚ್ಚಿ ಎಡಗಣ್ಣು ಬಿಟ್ಟರು. ಗೋಡೆ ತಣ್ಣಗಾಗಿ, ಚಳಿಗಾಲದ ಮುಂಜಾನೆಯಂತೆ ನೀಲಿಗೆ ವಾಲಿತು. ಇನ್ನೊಮ್ಮೆ ಬಲ, ಇನ್ನೊಮ್ಮೆ ಎಡ. ಅಂಗಡಿಯಲ್ಲಿ ಯಾರೂ ನಗಲಿಲ್ಲ. ಅವರಿಗೆ ಭಯ ಹುಟ್ಟಿದ್ದು ಅದಕ್ಕೇ. ಈ ಅಕ್ಕಸಾಲಿ ಹೆಣದ ಮನೆಯಲ್ಲೂ ನಗಬಲ್ಲವನು.

ಎಡಗಣ್ಣಿನ ಪೊರೆ ತೆಗೆಸಿ ವಾರವಾಗಿತ್ತು, ಹಿಂದಿನ ದಿನವಷ್ಟೇ ಡಾಕ್ಟರು ಅಂಗಡಿಗೆ ಹೋಗಲು ಒಪ್ಪಿದ್ದರು. ಆಪರೇಷನ್ನಿಗೆ ಮೊದಲು ಅವರು ಕಣ್ಣಿಗೆ ದೀಪ ಹಿಡಿದು, "ನಿಮ್ಮ ಕಣ್ಣಿನ ಮಸೂರ ಹಳೇ ದಿನಪತ್ರಿಕೆ ಬಣ್ಣಕ್ಕೆ ತಿರುಗಿದೆ. ನೀವು ಪ್ರಪಂಚವನ್ನೆಲ್ಲ ಅದರ ಮೂಲಕ ನೋಡ್ತಿದೀರಿ," ಎಂದಿದ್ದರು. ಯಜಮಾನರು ಅದನ್ನು ಡಾಕ್ಟರುಗಳ ಅಲಂಕಾರವೆಂದು ತಿಳಿದಿದ್ದರು. ಈಗ ಹೊಳೆಯಿತು: ಗೋಡೆ ಬದಲಾಗಿಲ್ಲ, ಪತ್ರಿಕೆ ತೆಗೆದಿದ್ದಾರೆ.

ಗೋಡೆ ನೀಲಿಯಾದರೆ ಹಾಳಾಗಿ ಹೋಗಲಿ. ಕೆಂಪು ಏನಾಗಿದೆ?

ಪೇಟೆಯಲ್ಲಿ ಅವರಿಗೆ ಹದ್ದು ಎಂದು ಹೆಸರು. ಎದುರಿಗೆ ಯಾರೂ ಹಾಗೆನ್ನುತ್ತಿರಲಿಲ್ಲ, ಆದರೆ ಆ ಹೆಸರು ತಮ್ಮ ಕಿವಿಗೆ ಬೀಳುವಂತೆ ಅವರು ನೋಡಿಕೊಂಡಿದ್ದರು. ಅಜ್ಜಿಯ ಓಲೆಯಲ್ಲಿ ಒಂದು ಕೆಂಪು ಬಿದ್ದುಹೋಯಿತೇ, ಮುತ್ತಜ್ಜಿಯ ಪದಕದಲ್ಲಿ ಕುಳಿ ಖಾಲಿಯಾಯಿತೇ, "ಹದ್ದಿಗೆ ತೋರಿಸಿ" ಎನ್ನುತ್ತಿದ್ದರು. ಉಳಿದ ಕಲ್ಲುಗಳ ಪಕ್ಕಕ್ಕೆ ಹೊಂದುವ ಇನ್ನೊಂದು ಕಲ್ಲನ್ನು, ಹಳೆಯದೇ ಆದ, ಅದೇ ಜಾತಿಯ, ಅದೇ ಮನಸ್ಸಿನ ಕಲ್ಲನ್ನು ಹುಡುಕಿಕೊಡುವುದು ಅವರ ಕಸುಬು. ಹೊಸ ಮಾಣಿಕ್ಯ ಯಾರು ಬೇಕಾದರೂ ಆರಿಸಬಹುದು. ಅಂಗಡಿಯ ದೀಪದ ಕೆಳಗೆ ಅದು ತಾನೇ ಕೂಗುತ್ತದೆ. ಹಳೆಯದು ಕೂಗುವುದಿಲ್ಲ. ಬೂದಿ ಮುಚ್ಚಿದ ಕೆಂಡದಂತೆ ಮಲಗಿರುತ್ತದೆ, ತೊಟ್ಟವಳು ಕತ್ತು ಹೊರಳಿಸಿದಾಗ ಒಮ್ಮೆ ಎದ್ದು ನೋಡಿ ಮತ್ತೆ ಮಲಗುತ್ತದೆ. ಹಿಂದಿನ ಕೆಲಸಗಾರರು ಅದನ್ನು ಕೈಯಿಂದ ಉಜ್ಜಿದವರು, ಕಲ್ಲು ಸವೆಯದಿರಲಿ ಎಂದು ಅಂದವನ್ನು ಬಿಟ್ಟುಕೊಟ್ಟವರು. ಆದ್ದರಿಂದ ಒಂದು ಮಗ್ಗುಲು ದಪ್ಪ, ಒಂದು ಮೂಲೆ ಸೊಟ್ಟ. ಆ ಸೊಟ್ಟೇ ಅದರ ಮುಖಚಹರೆ. ಒಳಗೆ ರೇಷ್ಮೆಯ ಎಳೆಯಂಥ ಮಬ್ಬು ಇರಬೇಕು. ಒಳಗೆ ಏನೂ ಇಲ್ಲದ, ತೊಳೆದಿಟ್ಟ ಲೋಟದಂಥ ಕೆಂಪು ಕಂಡರೆ, "ಇದು ಕುಲುಮೆಯ ಕೂಸು," ಎಂದು ಯಜಮಾನರು ಚಿಮಟದಿಂದ ಬದಿಗೆ ತಳ್ಳುತ್ತಿದ್ದರು. ಬೆಂಕಿಯಲ್ಲಿ ಕರಗಿಸಿ ಮಾಡಿದ ಅಂಥ ಕೂಸುಗಳು ಹಳೆಯ ಒಡವೆಗಳಲ್ಲೂ ಬೇಕಾದಷ್ಟಿವೆ. ಮುತ್ತಜ್ಜಂದಿರೂ ಮೋಸ ಹೋಗುತ್ತಿದ್ದರು.

ಇಷ್ಟೆಲ್ಲ ತಿಳಿದವರು ಈಗ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಡ್ರಾಯರಿನಿಂದ ಹೆಡ್‌ಮಿಸ್ ನೆಕ್ಲೇಸನ್ನು ತೆಗೆದರು.

ಹೆಡ್‌ಮಿಸ್ ಎಂದರೆ ಊರಿನ ಹೆಣ್ಣುಮಕ್ಕಳ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ನಿವೃತ್ತಿ ಶಾಲೆಗೆ ಮಾತ್ರ. ಊರನ್ನು ಅವರು ಇನ್ನೂ ನಡೆಸುತ್ತಿದ್ದರು. ನೆಕ್ಲೇಸು ಅವರ ಅಜ್ಜಿಯದು: ಬಂಗಾರದ ಸಣ್ಣ ಉಗುರುಗಳು ಹಿಡಿದುಕೊಂಡ ದಿಂಬಿನಾಕಾರದ ಕೆಂಪು ಹರಳುಗಳ ಒಂದು ಸಾಲು. ನಡುವಿನ ಹರಳು ಯಾವುದೋ ಸಮಾರಂಭದಲ್ಲಿ ಬಿದ್ದು ಯಾರದೋ ಕಾಲಡಿ ಕಾಣೆಯಾಗಿತ್ತು. ಭಾನುವಾರ ಮೊಮ್ಮಗಳ ಮದುವೆ, ಅವಳೇ ತೊಡುವವಳು. ಯಜಮಾನರು ಆಪರೇಷನ್ನಿಗೆ ಮೊದಲು ತಮ್ಮ ಕಾಗದದ ಪೊಟ್ಟಣಗಳನ್ನೆಲ್ಲ ಬಿಚ್ಚಿ, ಪೇಟೆಯನ್ನೆಲ್ಲ ಜಾಲಾಡಿ, ಒಡೆದ ಪದಕವೊಂದರಿಂದ ಕಳಚಿದ ಕಲ್ಲನ್ನು ಆರಿಸಿದ್ದರು. ಆರಿಸಿದ ದಿನ ಅಕ್ಕಸಾಲಿಯನ್ನು ಕರೆದು ತೋರಿಸಿ, "ಒಂದೇ ತಾಯಿ ಹೊಟ್ಟೇಲಿ ಹುಟ್ಟಿದವು ಕಣಯ್ಯ," ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಆ ನೀರು ಪೊರೆಯ ದೆಸೆಯಿಂದ ಇರಬಹುದೆಂದು ಈಗ ಅನ್ನಿಸಿತು.

ಬಿಳಿ ಕಾಗದದ ಮೇಲೆ ನೆಕ್ಲೇಸನ್ನು ಹರಡಿ, ಮೊದಲು ಎಡಗಣ್ಣು ಮುಚ್ಚಿದರು. ಒಂದೇ ತಾಯಿಯ ಮಕ್ಕಳು ಸಾಲಾಗಿ ಕೂತಿದ್ದವು.

ಕೈ ಬದಲಿಸಿದರು.

ಅಕ್ಕಪಕ್ಕದವೆಲ್ಲ ಬಿಡಿಸಿದ ದಾಳಿಂಬೆ. ನಡುವಿನದು ಬೀಟ್‌ರೂಟು. ಸುತ್ತಲೂ ಕೆಂಪು ಉರಿಯುತ್ತಿರುವಲ್ಲಿ ಅದೊಂದೇ ನೇರಳೆಗೆ ತಿರುಗಿ, ಪೆಟ್ಟು ತಿಂದ ಜಾಗದಂತೆ ಕೂತಿತ್ತು. ಅವರು ಹಸಿರು ಗಿಡವನ್ನು ಸಾಕಷ್ಟು ಹೊತ್ತು ನೋಡಿ ಮತ್ತೆ ನೋಡಿದರು. ಬೀಟ್‌ರೂಟು. ಕಲ್ಲನ್ನು ಓರೆ ಮಾಡಿ, ಬೆನ್ನ ಕಡೆಯಿಂದ, ಮಗ್ಗುಲಿನಿಂದ, ಉಸಿರು ಹಾಯಿಸಿ ಮಬ್ಬಾಗಿಸಿ, ಮಬ್ಬು ಆರುವುದನ್ನು ಕಾದು, ತಮಗೆ ಗೊತ್ತಿದ್ದ ಎಲ್ಲ ಬಗೆಯಲ್ಲೂ ನೋಡಿದರು. ಯಾವ ಕಡೆಯಿಂದ ನೋಡಿದರೂ ಅದು ತರಕಾರಿಯೇ.

ಆ ಹಳೆಯ ಪತ್ರಿಕೆ ಒಳ್ಳೆಯ ಸಂಸಾರಸ್ಥ ಪತ್ರಿಕೆ. ಕಲ್ಲುಗಳ ನೀಲಿ ಕೆಡುಕನ್ನೆಲ್ಲ ಮುಚ್ಚಿಟ್ಟು, ಎಲ್ಲರೂ ಒಂದೇ ಎಂದು ಇಷ್ಟು ದಿನ ವರದಿ ಮಾಡುತ್ತಿತ್ತು.

ಫೋನು ಹೊಡೆದುಕೊಂಡಿತು. ಹೆಂಡತಿ.

"ಡ್ರಾಪ್ಸ್ ಹಾಕ್ಕೊಂಡ್ರಾ?"

"ಹಾಕ್ಕೋತೀನಿ."

"ಯಾಕೆ ಧ್ವನಿ ಹಾಗಿದೆ? ನೋವಾ?"

"ನೋವಿಲ್ಲ. ಚೆನ್ನಾಗಿ ಕಾಣ್ತಿದೆ."

"ಅದಕ್ಕೆ ಅಳೋ ಥರ ಮಾತಾಡ್ತೀರಾ? ನಿಮಗೆ ಒಳ್ಳೇದಾದ್ರೂ ಕಷ್ಟ," ಎಂದು ಆಕೆ ಇಟ್ಟುಬಿಟ್ಟರು.

ಅಕ್ಕಸಾಲಿಯನ್ನು ಒಳಗೆ ಕರೆದರು. ಬಾಗಿಲು ಮತ್ತೆ ಹಾಕಿಸಿದರು.

"ಈ ನಡುವಿನದನ್ನ ಬಿಚ್ಚಿ ತೆಗಿ."

ಅಕ್ಕಸಾಲಿ ನೆಕ್ಲೇಸನ್ನು ನೋಡಲಿಲ್ಲ, ಯಜಮಾನರನ್ನು ನೋಡಿದ. "ಯಾಕೆ?"

"ತೆಗಿ ಅಂದ್ರೆ ತೆಗಿ."

"ತೆಗೀತೀನಿ. ಆಮೇಲೆ ಹಾಕೋಕೆ ಹೇಳಬೇಡಿ. ಹಳೇ ಬಂಗಾರದ ಉಗುರು ಯಜಮಾನ್ರೇ, ಸವೆದು ಕಾಗದ ಆಗಿದೆ. ಒಂದು ಸಲ ಎತ್ತಿ ಮಡಚಿದೀನಿ, ಅದೇ ದೊಡ್ಡದು. ಇನ್ನೊಂದು ಸಲ ಎತ್ತಿದ್ರೆ ನನ್ನ ಕೈಗೇ ಮುರಿದು ಬರುತ್ತೆ. ಹೊಸ ಉಗುರು ಬೆಸೀಬೇಕಂದ್ರೆ ಬೆಂಕಿ ತೋರಿಸಬೇಕು, ಬೆಂಕಿ ತೋರಿಸಬೇಕಂದ್ರೆ ಅಕ್ಕಪಕ್ಕದ ಹರಳೆಲ್ಲ ಬಿಚ್ಚಬೇಕು, ಅವುಗಳ ಉಗುರೂ ಕಾಗದವೇ. ಭಾನುವಾರ ಮದುಮಗಳ ಕತ್ತಿಗೆ ಪೊಟ್ಟಣ ಕಟ್ಟಿ ಕಳಿಸೋಣ ಅಂದ್ರೆ ಹೇಳಿ, ಈಗಲೇ ಶುರು ಮಾಡ್ತೀನಿ."

"ಬಣ್ಣ ನೋಡಿದ್ಯಾ ಇದರದ್ದು?"

ಅಕ್ಕಸಾಲಿ ಏಪ್ರನ್ನಿಗೆ ಕೈ ಒರೆಸಿಕೊಂಡ. ಒರೆಸುವುದು ಮುಗಿದ ಮೇಲೂ ಒರೆಸಿಕೊಂಡ. "ನನ್ನ ಕೆಲಸ ಕೂರಿಸೋದು. ನೋಡೋದು ನಿಮ್ಮದು. ಹದ್ದಿನ ಪಕ್ಕ ಗುಬ್ಬಚ್ಚಿ ಕೂತು ಇದು ನೇರಳೆ ಅನ್ನೋಕಾಗುತ್ತಾ?"

ಯಜಮಾನರು ಬಣ್ಣದ ಹೆಸರು ಹೇಳಿರಲಿಲ್ಲ. ಆ ಮಾತು ಬಾಯಿಂದ ಬಿದ್ದ ಮೇಲೆ ಅಕ್ಕಸಾಲಿಗೂ ಅದು ಗೊತ್ತಾಯಿತು. ಅವನು ಒಂದು ಸಲ ಕೆಮ್ಮಿ, ಬಾಗಿಲು ತೆರೆದುಕೊಂಡು, ತನ್ನ ಅರಕ್ಕೆ ಮರಳಿದ.

ಹಾಗಾದರೆ ಕಂಡಿದೆ. ಕಣ್ಣಿದ್ದವರಿಗೆಲ್ಲ ಕಂಡಿದೆ.

ಆ ಹೊತ್ತಿನಲ್ಲಿ ಮನುಷ್ಯನಿಗೆ ಬೇಕಾದದ್ದು ಗಾಳಿ. ಡ್ರಾಪ್ಸ್ ತರುವ ನೆಪದಲ್ಲಿ ಯಜಮಾನರು ಬೀದಿಗಿಳಿದರು. ಹೊಸ ಕಣ್ಣಿಗೆ ಬೀದಿ ಯಾರೋ ಅತಿಯಾಗಿ ಒಗೆದು ಹಾಕಿದ ಬಟ್ಟೆಯಂತೆ ಕಂಡಿತು. ನೆರಳುಗಳಲ್ಲೂ ನೀಲಿ, ಮೋಟಾರು ಹೊಗೆಯಲ್ಲೂ ನೀಲಿ. ಬ್ಯಾಂಕಿನ ಮೆಟ್ಟಿಲು ದಾಟಿ ಔಷಧಿ ಅಂಗಡಿಗೆ ಬಂದರೆ, ಕೌಂಟರಿನಲ್ಲಿ ಕೂತಾಕೆಯ ಕಿವಿಯಲ್ಲಿ ಕೆಂಪಿನ ಓಲೆ. ಅವರೇ ಒಂದು ಕಾಲದಲ್ಲಿ ಜೋಡಿಸಿಕೊಟ್ಟ ಓಲೆ. ಬಲಕಿವಿಯದು ಮೂಲ, ಎಡಕಿವಿಯದು ಅವರ ಆಯ್ಕೆ. ನೋಡಬಾರದೆಂದು ತೀರ್ಮಾನಿಸಿದರು. ನೋಡಿದರು. ಬಲಕಿವಿಯಲ್ಲಿ ದಾಳಿಂಬೆ. ಎಡಕಿವಿಯ ಮೇಲೆ ಕೂದಲು ಇಳಿಬಿದ್ದಿತ್ತು. ಯಜಮಾನರು ಎಡಕ್ಕೆ ಬಾಗಿದರು, ಆಕೆ ಬಲಕ್ಕೆ ಬಾಗಿದಳು. ಅವರು ಇನ್ನಷ್ಟು ಬಾಗಿ, ಒಂದು ಕಣ್ಣು ಮುಚ್ಚಿದರು.

"ಸಾರ್?" ಎಂದಳು ಆಕೆ, ಧ್ವನಿ ಗಟ್ಟಿ ಮಾಡಿಕೊಂಡು. "ಏನು ಬೇಕಿತ್ತು?"

ಆ ವಯಸ್ಸಿಗೆ ಕಣ್ಣು ಹೊಡೆದ ಅಪವಾದ ಹೊತ್ತು, ಡ್ರಾಪ್ಸ್ ಹೊತ್ತು, ಓಲೆಯ ತೀರ್ಪು ತಿಳಿಯದೆ ಯಜಮಾನರು ಹೊರಗೆ ಬಂದರು. ಹಿಂದಿನಿಂದ ಆಕೆ ಇನ್ನೊಬ್ಬಳಿಗೆ ಏನೋ ಹೇಳಿ ನಕ್ಕಿದ್ದು ಕೇಳಿಸಿತು. ಅದೇನೂ ತಾಗಲಿಲ್ಲ, ತಾಗಿದ್ದು ಬೇರೆ. ಪತ್ರಿಕೆ ಎಂದಿನಿಂದ ಹಳದಿಯಾಗುತ್ತ ಬಂದಿತ್ತು? ಹೋದ ವರ್ಷ? ಮಗಳ ಮದುವೆಯ ಹೊತ್ತಿಗೆ? ಯಾವ ದಿನದವರೆಗಿನ ಕಲ್ಲುಗಳು ದಾಳಿಂಬೆ, ಯಾವ ದಿನದಿಂದ ಬೀಟ್‌ರೂಟು? ಬೀದಿಯಲ್ಲಿ ಬರುವ ಒಬ್ಬೊಬ್ಬ ಹೆಂಗಸಿನ ಕತ್ತು ಕಿವಿಗಳೂ ಅವರಿಗೆ ಸಾಕ್ಷಿಕಟ್ಟೆಯಾಗಿ ಕಂಡವು. ಚಳಿಯೆಂದು ಶಾಲು ಹೊದ್ದವರನ್ನು ಕಂಡರೆ ಮಾತ್ರ ಸ್ವಲ್ಪ ಸಮಾಧಾನವಾಯಿತು.

ಅಂಗಡಿಗೆ ಮರಳಿದಾಗ ಮಗಳು ಗಾಜಿನ ಪೆಟ್ಟಿಗೆ ಒರೆಸುತ್ತಿದ್ದಳು.

"ಮಿಸ್ ಫೋನ್ ಮಾಡಿದ್ರು. ಮಧ್ಯಾಹ್ನ ಮೂರಕ್ಕೆ ಬರ್ತಾರಂತೆ, ಮೊಮ್ಮಗಳ ಜೊತೆ."

ಯಜಮಾನರು ಸ್ಟೂಲಿನ ಮೇಲೆ ಕೂತರು. "ನಡುವಿನ ಕಲ್ಲು ನೀನು ನೋಡಿದ್ದೆಯಾ?"

"ಯಾವಾಗ?"

"ಕೂರಿಸಿದ ದಿನ."

ಮಗಳು ಬಟ್ಟೆ ಮಡಚಿಟ್ಟಳು. ಅಪ್ಪನ ಮಗಳು, ಸುಳ್ಳು ಹೇಳುವ ಮುಂಚೆ ಮುಖ ಕೆಂಪಾಗುತ್ತಿತ್ತು, ಆದ್ದರಿಂದ ಹೇಳಲಿಲ್ಲ. "ನೋಡಿದ್ದೆ."

"ಹೇಳಬೇಕು ಅನ್ನಿಸಲಿಲ್ಲ?"

"ಹೇಳಿದ್ರೆ ಏನು ಮಾಡ್ತಿದ್ರಿ? ನನ್ನನ್ನೇ ಕಣ್ಣಿನ ಡಾಕ್ಟರ ಹತ್ರ ಕಳಿಸ್ತಿದ್ರಿ."

ಹೌದು, ಕಳಿಸುತ್ತಿದ್ದರು.

"ಆವತ್ತೇ ಸಂಜೆ ನಿಮಗೆ ಡಾಕ್ಟರ ಹತ್ರ ದಿನ ಗೊತ್ತು ಮಾಡ್ದೆ," ಎಂದಳು ಮಗಳು. "ಅಮ್ಮನ ಕೈಲಿ ತಲೆನೋವು, ಕಣ್ಣುರಿ ಅಂತ ಹೇಳಿಸಿದ್ದೂ ನಾನೇ. ಅಷ್ಟರಲ್ಲಿ ಮಾಮ ಉಗುರು ಮಡಚಿಯಾಗಿತ್ತು."

ಮಾಮ ಎಂದರೆ ಅಕ್ಕಸಾಲಿ, ಸಂಬಂಧವಿಲ್ಲ, ಸಲಿಗೆಯಿತ್ತು. ಬೆಂಚಿನಲ್ಲಿ ಅರದ ಸದ್ದು ಸ್ವಲ್ಪ ಜೋರಾಯಿತು.

"ಎಷ್ಟು ದಿನದಿಂದ ಹೀಗೆ?"

"ಇದೊಂದೇ ಅಪ್ಪ, ಇಷ್ಟು ದೂರ ಹೋಗಿದ್ದು."

ಇಷ್ಟು ದೂರ ಎಂಬ ಮಾತಿನ ಒಳಗೆ ಹತ್ತಿರ ಹೋದವು ಇನ್ನೂ ಇವೆ ಎಂಬ ಅರ್ಥ ಸದ್ದಿಲ್ಲದೆ ಕೂತಿತ್ತು. ಯಜಮಾನರು ಅದನ್ನು ಎಬ್ಬಿಸಲು ಹೋಗಲಿಲ್ಲ.

"ಮಿಸ್‌ಗೆ ಕಾಣಲ್ಲ," ಎಂದಳು ಮಗಳು ಮೆಲ್ಲಗೆ. "ಅವರ ಕಣ್ಣಿಗೂ ಪೊರೆ ಬಂದಿದೆ. ಮೊನ್ನೆ ಬೀದಿಯಲ್ಲಿ ಪೋಸ್ಟ್ ಡಬ್ಬಕ್ಕೆ ತಲೆ ಬಗ್ಗಿಸಿ ನಮಸ್ಕಾರ ಹೇಳಿ ಹೋದ್ರು."

"ಮೊಮ್ಮಗಳಿಗೆ?"

ಮಗಳು ಮತ್ತೆ ಬಟ್ಟೆ ಬಿಚ್ಚಿ, ಒರೆಸಿದ ಗಾಜನ್ನೇ ಒರೆಸಿದಳು.

ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಉಳಿಯಿತು. ಯಜಮಾನರು ನೆಕ್ಲೇಸಿಗೆ ಬೇರೆ ಬೇರೆ ನ್ಯಾಯಾಲಯಗಳನ್ನು ಹುಡುಕಿದರು. ಮುಂಭಾಗದ ಹಳದಿ ದೀಪದ ಕೆಳಗೆ ಹಿಡಿದರು. ಅಲ್ಲಿ ನೇರಳೆ ಅರ್ಧಕ್ಕರ್ಧ ಅಡಗಿತು. ಕಪ್ಪು ವೆಲ್ವೆಟ್ಟಿನ ಮೇಲಿಟ್ಟರೆ ಇನ್ನೂ ಸ್ವಲ್ಪ. ದೀಪ, ವೆಲ್ವೆಟ್ಟು, ಹೆಡ್‌ಮಿಸ್ಸಿನ ಪೊರೆ, ಮೂರೂ ಒಟ್ಟಾಗಿ ನಿಂತರೆ ಪಾರಾಗಬಹುದು. ಮದುವೆಯ ಮನೆಯಲ್ಲಿ ಯಾರು ಉತ್ತರದ ಕಿಟಕಿ ಹುಡುಕಿಕೊಂಡು ಹೋಗುತ್ತಾರೆ? ಹೀಗೆ ಯೋಚಿಸಿ, ದೀಪದಿಂದ ಬದುಕುವ ವ್ಯಾಪಾರಿಗಳನ್ನು ತಾವು ಇಷ್ಟು ವರ್ಷ ಏನೇನು ಬೈದಿದ್ದರೆಂಬುದೂ ನೆನಪಾಗಿ, ವೆಲ್ವೆಟ್ಟಿನ ತಟ್ಟೆಯನ್ನು ದೀಪದ ಕೆಳಗೇ ಇಟ್ಟರು.

ಹೆಡ್‌ಮಿಸ್ ಮೂರಕ್ಕೆ ಎಂದರೆ ಮೂರಕ್ಕೆ ಬಂದರು. ಹಿಂದೆ ಮೊಮ್ಮಗಳು, ಮದುವೆಯ ವಾರದ ಹುಡುಗಿಯರಿಗೆ ಇರುವ ನಿದ್ದೆಗೆಟ್ಟ ಮುಖ.

"ಏನೇ," ಎಂದರು ಹೆಡ್‌ಮಿಸ್ ಯಜಮಾನರ ಮಗಳಿಗೆ. "ಇನ್ನೂ ಬೆನ್ನು ಬಗ್ಗಿಸಿಯೇ ನಿಲ್ತೀಯಲ್ಲ."

ಎರಡು ಮಕ್ಕಳ ತಾಯಿ ತಟ್ಟನೆ ನೆಟ್ಟಗಾದಳು. "ಇಲ್ಲ ಮಿಸ್."

"ಯಜಮಾನ್ರೇ, ಕಣ್ಣು ಹೇಗಿದೆ?"

"ಕಾಣ್ತಿದೆ," ಎಂದರು ಯಜಮಾನರು.

ಹೆಡ್‌ಮಿಸ್ ನೆಕ್ಲೇಸನ್ನು ಎತ್ತಿ ಕನ್ನಡಕದ ಹೊರಗೆ, ಒಳಗೆ, ಮೇಲಿನಿಂದ ನೋಡಿದರು. ಮೂಗಿನ ತುದಿಗೆ ತಂದು ಇನ್ನೊಮ್ಮೆ ನೋಡಿದರು. ಉತ್ತರಪತ್ರಿಕೆ ತಿದ್ದುವ ಮುಖವದು. ಅದರ ಎದುರು ಊರಿನ ಅರ್ಧ ಹೆಂಗಸರು ಬೆವರಿದ್ದಾರೆ.

"ಭೇಷ್," ಎಂದರು. "ಹೊಸದು ಯಾವುದು, ಅಜ್ಜಿದು ಯಾವುದು ನನಗೇ ಗೊತ್ತಾಗ್ತಿಲ್ಲ."

ಇಷ್ಟು ವರ್ಷ ಯಜಮಾನರು ಯಾವ ಮಾತಿಗಾಗಿ ಬದುಕಿದ್ದರೋ ಆ ಮಾತು ಇದೇ. ಪ್ರತಿ ಸಲ ಅದು ಬೆನ್ನ ಮೇಲೆ ಬೆಚ್ಚನೆಯ ಕೈಯಂತೆ ಬೀಳುತ್ತಿತ್ತು. ಈ ಸಲ ಕೊರಳ ಪಟ್ಟಿ ಹಿಡಿದಂತೆ ಬಿತ್ತು. ಅವರು ಪೆಟ್ಟಿಗೆಯತ್ತ ಕೈ ಚಾಚಿದರು. ಮುಚ್ಚಳ ಮುಚ್ಚಿದರೆ ಮುಗಿಯಿತು.

"ಅಜ್ಜಿ, ಕೊಡಿ ಸ್ವಲ್ಪ," ಎಂದು ಮೊಮ್ಮಗಳು ನೆಕ್ಲೇಸನ್ನು ಎತ್ತಿಕೊಂಡು ನೇರವಾಗಿ ಬೀದಿ ಬಾಗಿಲಿಗೆ ನಡೆದಳು. ಬೆಳಕಿಗೆ ಹಿಡಿದಳು. ದೀಪವೂ ವೆಲ್ವೆಟ್ಟೂ ಒಳಗೇ ಉಳಿದವು.

"ನಡುವಿನದು ಬೇರೆ ಥರ ಇದೆ."

"ಬೇರೆ ಥರ ಅಂದ್ರೆ?"

"ಒಂಥರಾ ನೇರಳೆ."

"ನಿನ್ನ ತಲೆ. ರಾತ್ರಿಯೆಲ್ಲ ಫೋನಿನಲ್ಲಿ ಅವನ ಹತ್ರ ಮಾತಾಡ್ತೀಯಲ್ಲ, ಕಣ್ಣಿಗೆ ಕತ್ತಲೆ ಬಂದಿದೆ. ಬೇಕಿದ್ರೆ ಯಜಮಾನ್ರನ್ನೇ ಕೇಳು. ಈ ಊರಲ್ಲಿ ಕೆಂಪು ಅಂದ್ರೆ ಇವರು ಹೇಳಿದ್ದು."

ಅರದ ಸದ್ದು ನಿಂತಿತು. ಹುಡುಗಿ ಬಾಗಿಲಲ್ಲಿ ನಿಂತು ಯಜಮಾನರನ್ನು ನೋಡಿದಳು, ಹೆಡ್‌ಮಿಸ್ ನೋಡಿದರು, ಮಗಳು ಮಾತ್ರ ನೋಡದೆ ಗಾಜಿನ ಮೇಲಿನ ತನ್ನ ಬೆರಳಚ್ಚನ್ನು ನೋಡುತ್ತಿದ್ದಳು. ಒಂದು ಮಾತು ಸಾಕಿತ್ತು. ಹಳೆಯ ಕಲ್ಲಲ್ಲವೇ ಮಗು, ಒಂದೊಂದಕ್ಕೂ ಒಂದೊಂದು ಛಾಯೆ ಇರುತ್ತೆ. ಅದೇ ಅದರ ಅಂದ. ಎಷ್ಟು ಅಂಗಡಿಗಳು ಆ ಮಾತಿನ ಮೇಲೆ ನಡೆಯುತ್ತಿವೆ! ಹುಡುಗಿ ತಾನೇ ತಪ್ಪು ಕಂಡೆನೆಂದು ನಾಚಿಕೊಳ್ಳುತ್ತಾಳೆ, ಭಾನುವಾರ ತೊಡುತ್ತಾಳೆ, ಹದ್ದು ಹದ್ದಾಗಿಯೇ ಉಳಿಯುತ್ತದೆ. ಮಾತು ನಾಲಿಗೆಯವರೆಗೆ ಬಂತು. ಬಂದು ನಿಂತಿತು. ಎಡಗಣ್ಣು ಬಾಗಿಲ ಬೆಳಕಿನಲ್ಲಿ ಹುಡುಗಿಯ ಕೈಯನ್ನು ನೋಡುತ್ತಿತ್ತು, ನೋಡುತ್ತಲೇ ಇತ್ತು, ಅದಕ್ಕೆ ಪತ್ರಿಕೆ ಓದುವ ಅಭ್ಯಾಸ ಇನ್ನೂ ಆಗಿರಲಿಲ್ಲ.

"ಹುಡುಗಿ ಹೇಳಿದ್ದು ಸರಿ," ಎಂದರು. "ಅದು ಹೊಂದಿಲ್ಲ."

"ಏನಂದ್ರಿ?"

"ಕಲ್ಲು ಹೊಂದಿಲ್ಲ ಮೇಡಂ. ನಾನು ಆರಿಸಿದಾಗ ನನ್ನ ಕಣ್ಣಿಗೆ ಪೊರೆ ಇತ್ತು. ಬಣ್ಣದಲ್ಲಿರೋ ನೀಲಿ ನನಗೆ ಕಾಣ್ತಿರಲಿಲ್ಲ. ಇವತ್ತು ಬೆಳಿಗ್ಗೆ ಕಂಡಿತು."

ಹೆಡ್‌ಮಿಸ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಯಾವ ಕಣ್ಣು ಆಪರೇಷನ್ ಆಗಿರೋದು?"

"ಎಡಗಣ್ಣು."

"ಬಲಗಣ್ಣು ಏನನ್ನುತ್ತೆ?"

ಯಜಮಾನರು ತಡವರಿಸಿದರು. "ಸರಿಯಿದೆ ಅನ್ನುತ್ತೆ."

"ನನ್ನವೆರಡೂ ಸರಿಯಿದೆ ಅನ್ನುತ್ತವೆ. ಒಟ್ಟು ಮೂರು ಕಣ್ಣು ಈ ಕಡೆ. ನಿಮ್ಮದು ಒಂದು ಕಣ್ಣು, ಅದೂ ನಿನ್ನೆ ಮೊನ್ನೆ ಕೊಯ್ದಿದ್ದು."

"ನನ್ನವೆರಡು ಅಜ್ಜಿ," ಎಂದಳು ಹುಡುಗಿ ಬಾಗಿಲಿನಿಂದ.

"ನಿನ್ನದು ಲೆಕ್ಕಕ್ಕಿಲ್ಲ."

ಮಗಳು, ಬೆನ್ನು ನೆಟ್ಟಗೆ ಮಾಡಿಕೊಂಡೇ, "ನನ್ನವೂ ಎರಡು, ಮಿಸ್," ಎಂದಳು.

ಹೆಡ್‌ಮಿಸ್ ನಿಧಾನವಾಗಿ ತಿರುಗಿದರು. "ನೀನು ಏಳನೇ ಕ್ಲಾಸಿನಲ್ಲೂ ಹೀಗೇ. ಪಕ್ಕದವರ ಉತ್ತರ ನೋಡಿ ಬರೀತಿದ್ದೆ."

"ಈ ಉತ್ತರ ನಾನು ಮುಂಚೇನೇ ಬರೆದಿದ್ದೆ, ಮಿಸ್. ತೋರಿಸಿರಲಿಲ್ಲ."

ಅಕ್ಕಸಾಲಿ ಬೆಂಚಿನ ಹಿಂದೆ ಇನ್ನಷ್ಟು ತಗ್ಗಿದ. ತನ್ನ ಕಣ್ಣುಗಳನ್ನೂ ಯಾರಾದರೂ ಎಣಿಸಿಯಾರೆಂಬ ಭಯ ಅವನಿಗೆ.

ಯಜಮಾನರು ಒಂದೇ ಉಸಿರಿಗೆ ಹೇಳಿಕೊಂಡರು: ನೆಕ್ಲೇಸು ಬಿಟ್ಟುಹೋಗಿ, ಉಗುರುಗಳು ಸವೆದಿವೆ, ಭಾನುವಾರಕ್ಕೆ ಆಗದು, ಆದರೆ ಮದುವೆ ಕಳೆದ ಮೇಲೆ ಎಲ್ಲ ಬಿಚ್ಚಿ ಹೊಸ ಉಗುರು ಬೆಸೆದು, ಸರಿಯಾದ ಕಲ್ಲು ಸಿಕ್ಕುವವರೆಗೆ ಹುಡುಕಿ, ನನ್ನ ಖರ್ಚಿನಲ್ಲೇ ಕೂರಿಸಿಕೊಡುತ್ತೇನೆ. ತಪ್ಪು ನನ್ನದು. ತಪ್ಪು ನನ್ನದು ಎಂಬುದನ್ನು ಅವರು ಎರಡು ಸಲ ಹೇಳಿದರು; ಮೊದಲನೇ ಸಲ ತಮಗೇ ಕೇಳಿಸಿರಲಿಲ್ಲ.

ಹೆಡ್‌ಮಿಸ್ ಮುಖದಲ್ಲಿ ಕೋಪ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದಿತ್ತು, ಕನಿಕರ. ಮೊಮ್ಮಗಳ ಕೈಯಿಂದ ನೆಕ್ಲೇಸನ್ನು ತೆಗೆದುಕೊಂಡು ಪೆಟ್ಟಿಗೆಯಲ್ಲಿ ತಾವೇ ಮಲಗಿಸಿ, ಮುಚ್ಚಳ ಮುಚ್ಚಿದರು.

"ಯಜಮಾನ್ರೇ, ನಿಮ್ಮ ಮೇಲೆ ನನಗೆ ಬೇಜಾರಿಲ್ಲ. ಒಳ್ಳೇ ಕಣ್ಣು. ಇಂಥ ಕಣ್ಣು ಕೊಯ್ಯೋಕೆ ಬಿಡಬಾರದಿತ್ತು. ನನಗೂ ಆ ಡಾಕ್ಟರು ಮುಂದಿನ ತಿಂಗಳು ಬನ್ನಿ ಅಂದಿದಾರೆ. ದೇವರು ದೊಡ್ಡವನು, ನಿಮ್ಮನ್ನ ಮೊದಲು ಕಳಿಸಿದ."

"ಅಜ್ಜಿ, ಬೇಕಿದ್ರೆ ನಾನು ಬೇರೆ ಯಾವುದಾದ್ರೂ..."

"ಇದನ್ನೇ ಹಾಕ್ಕೋತೀಯ. ನನ್ನ ಅಜ್ಜಿ ನೆಕ್ಲೇಸು. ಎಲ್ಲವೂ ಒಂದೇ ಕೆಂಪು," ಎಂದು ಹೆಡ್‌ಮಿಸ್ ಮಾತಿಗೆ ಗೆರೆ ಎಳೆದರು. ಬಾಗಿಲ ಬಳಿ ಹೊರಳಿ, ಮಗಳಿಗೆ ಹೇಳಿದರು: "ಇನ್ನು ಮೇಲೆ ಕಲ್ಲು ನೀನು ನೋಡು. ಅಪ್ಪನಿಗೆ ವಿಶ್ರಾಂತಿ ಕೊಡು. ಪಾಪ."

ಯಜಮಾನರು ಕಪ್ಪು ಕನ್ನಡಕ ಹಾಕಿಕೊಂಡು ಸ್ಟೂಲಿನ ಮೇಲೆ ಕೂತರು. ಅಂಜಿದ್ದು ನಡೆದಿರಲಿಲ್ಲ, ಅಂಜಿದ್ದಕ್ಕಿಂತ ಹೆಚ್ಚಿನದು ನಡೆದಿತ್ತು. ತಪ್ಪು ಮಾಡಿದ ದಿನಗಳಲ್ಲೆಲ್ಲ ಅವರು ಹದ್ದಾಗಿದ್ದರು. ಮೊದಲ ಸಲ ಸರಿಯಾಗಿ ಕಂಡದ್ದನ್ನು ಹೇಳಿದ ದಿನ ಪಾಪ ಆದರು.

"ಟೀ ತರಲಾ?" ಎಂದಳು ಮಗಳು.

"ನೀನೇಕೆ ಬಾಯಿ ಹಾಕಿದೆ? ಗಿರಾಕಿ ಎದುರು."

"ಹುಡುಗಿಯವೂ ನನ್ನವೂ ಸೇರಿ ನಾಲ್ಕಕ್ಕೆ ಮೂರಾಗಿತ್ತು ಅಪ್ಪ. ನಿಮ್ಮದೊಂದು ಕಣ್ಣು ಆ ಕಡೆ ಹೋಗಿತ್ತಲ್ಲ."

ಅವರು ಲೆಕ್ಕ ಹಾಕಿದರು. ಹುಡುಗಿಯವು, ಮಗಳವು, ತಮ್ಮದೊಂದು, ಐದಕ್ಕೆ ಮೂರು. "ಐದು," ಎಂದು ತಿದ್ದಿದರು.

"ಹುಡುಗಿಯದನ್ನ ಮಿಸ್ ಲೆಕ್ಕಕ್ಕೆ ತಗೊಳ್ಳಲಿಲ್ಲವಲ್ಲ. ಹಾಗಾದ್ರೆ ಮೂರಕ್ಕೆ ಮೂರು."

"ನನ್ನವೆರಡು ಸೇರಿಸಿದ್ರೆ ಗೆಲ್ತಿದ್ರಿ," ಎಂದ ಅಕ್ಕಸಾಲಿ ಬೆಂಚಿನ ಹಿಂದಿನಿಂದ, ಹೆಡ್‌ಮಿಸ್ ಬೀದಿಯ ತಿರುವು ದಾಟಿದ್ದನ್ನು ಖಚಿತ ಮಾಡಿಕೊಂಡು.

ಸುದ್ದಿ ಸಂಜೆಯ ಹೊತ್ತಿಗೆ ಪೇಟೆಯ ಆ ತುದಿ ಮುಟ್ಟಿತು. ಹದ್ದಿನ ಕಣ್ಣನ್ನು ಆಸ್ಪತ್ರೆಯವರು ಕೆಡಿಸಿದರಂತೆ. ಬೂದಿ ಗೋಡೆ ನೀಲಿ ಕಾಣುತ್ತದಂತೆ. ತಾವೇ ಕೂರಿಸಿದ ಕಲ್ಲನ್ನು ತಾವೇ ಅಲ್ಲವೆನ್ನುತ್ತಾರಂತೆ. ಔಷಧಿ ಅಂಗಡಿಯಿಂದ ಇದಕ್ಕೆ ಸೇರಿದ ಇನ್ನೊಂದು ಮಾತನ್ನು ಇಲ್ಲಿ ಬರೆಯುವುದು ಸಭ್ಯವಲ್ಲ. ಹಳೆಯ ಗಿರಾಕಿಗಳು ಬಂದರೆ ಯಜಮಾನರ ಆರೋಗ್ಯ ವಿಚಾರಿಸಿ, ಪೊಟ್ಟಣವನ್ನು ಮಗಳ ಕೈಗೆ ಕೊಡತೊಡಗಿದರು. ಕೊಟ್ಟು, "ನೀನೇ ನೋಡಮ್ಮ," ಎಂದು ದನಿ ತಗ್ಗಿಸುತ್ತಿದ್ದರು. ಮಗಳು "ಆಗಲಿ" ಎಂದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗೆ ಅಪ್ಪನೂ ಮಗಳೂ ಬಿಳಿ ಕಾಗದದ ಮೇಲೆ ತಲೆಗೆ ತಲೆ ತಾಗಿಸಿ ಕೂತು, ಪಿಸುದನಿಯಲ್ಲಿ ಜಗಳವಾಡಿ, ಕಲ್ಲು ಆರಿಸುತ್ತಿದ್ದರು. ಆರಿಸಿದ್ದನ್ನು ಅವಳು ಹೊರಗೆ ತರುತ್ತಿದ್ದಳು.

ಭಾನುವಾರ ಮದುವೆ ನಡೆಯಿತು. ಹುಡುಗಿ ನೆಕ್ಲೇಸು ತೊಟ್ಟಿದ್ದಳು. ಯಾರೂ ಏನೂ ಹೇಳಲಿಲ್ಲ.

ಮುಂದಿನ ತಿಂಗಳು ಯಜಮಾನರು ಬಲಗಣ್ಣಿನ ಆಪರೇಷನ್ನೂ ಮಾಡಿಸಿಕೊಂಡರು. ಈಗ ಅಂಗಡಿಯಲ್ಲಿ ಕಲ್ಲು ಆರಿಸುವವಳು ಮಗಳು ಎಂದು ಊರು ತಿಳಿದಿದೆ.